ಹಿಟ್ಟಿನಲ್ಲಿ ಉಳಿಯುವ ಪುಟ್ಟ ಅಂಗೈ

ಮಕ್ಕಳು ಬೆಳೆದ ಮನೆಗಳಲ್ಲಿ ಅಟ್ಟದ ಮೇಲೋ ಬೀರುವಿನ ತಳದಲ್ಲೋ ಒಂದು ಗಂಟು ಇದ್ದೇ ಇರುತ್ತದೆ. ಬಣ್ಣ ಮಾಸಿದ ಕುಲಾವಿ, ಕಿರಿದಾದ ಬೆಳ್ಳಿ ಕಾಲ್ಗಡಗ, ಅಜ್ಜಿಯ ಹಳೆಯ ಸೀರೆಯಿಂದ ಹೊಲಿದ ಕೌದಿ. ಇವೆಲ್ಲ ಮುಂದಿನ ಮಗುವಿಗೆ ದಾಟುವ ವಸ್ತುಗಳು. ಅಣ್ಣ ತೊಟ್ಟಿದ್ದನ್ನು ತಂಗಿ ತೊಡುತ್ತಾಳೆ, ಅಕ್ಕ ಮಲಗಿದ ತೊಟ್ಟಿಲಲ್ಲಿ ತಮ್ಮ ಮಲಗುತ್ತಾನೆ. ಆದರೆ ಆ ಕಾಲ್ಗಡಗ ತೊಟ್ಟ ಕಾಲು, ಕೌದಿಯ ಅಂಚನ್ನು ಬಿಗಿಹಿಡಿದ ಕೈ ಮಾತ್ರ ಯಾವ ಗಂಟಿನಲ್ಲೂ ಸಿಗುವುದಿಲ್ಲ.

ಈ ಕೊರತೆಯನ್ನು ತುಂಬಲು ಹೊಸದೊಂದು ರೂಢಿ ನಗರದ ಮನೆಗಳಿಗೆ ಬಂದಿದೆ. ಮೈದಾ ಹಿಟ್ಟಿಗೆ ಉಪ್ಪು ಬೆರೆಸಿ ನಾದಿ, ಮಗುವಿನ ಅಂಗೈಯನ್ನು ಅದರ ಮೇಲೆ ಒತ್ತಿ, ಒಣಗಿಸಿ ಗೋಡೆಗೆ ತೂಗುಹಾಕುವುದು. ಮೊದಲ ಹುಟ್ಟುಹಬ್ಬದ ದಿನ ಇದನ್ನು ಮಾಡುವವರಿದ್ದಾರೆ. ಶಿಶುವಿಹಾರಗಳಲ್ಲಿ ವರ್ಷದ ಕೊನೆಗೆ ಮಕ್ಕಳ ಕೈಯಲ್ಲೇ ಮಾಡಿಸಿ ಮನೆಗೆ ಕಳಿಸುವುದೂ ಉಂಟು. ಅಂಗಡಿಗಳಲ್ಲಿ ಇದಕ್ಕೆಂದೇ ದುಬಾರಿ ಸಾಮಗ್ರಿಗಳ ಪೆಟ್ಟಿಗೆ ಸಿಗುತ್ತದೆ. ಅಡುಗೆಮನೆಯ ಡಬ್ಬಿಯಲ್ಲಿರುವ ಹಿಟ್ಟು, ಉಪ್ಪುಗಳಿಂದಲೂ ಅದೇ ಕೆಲಸ ಆಗುತ್ತದೆ.

ಮೇಲ್ನೋಟಕ್ಕೆ ಇದು ಪಶ್ಚಿಮದಿಂದ ಬಂದ ಆಟದಂತೆ ಕಾಣುತ್ತದೆ. ಉಪ್ಪು ಬೆರೆಸಿದ ಹಿಟ್ಟಿನಿಂದ ಕ್ರಿಸ್‌ಮಸ್ ಅಲಂಕಾರದ ಬೊಂಬೆ ಮಾಡುವುದು ಜರ್ಮನಿಯ ಮನೆಗಳಲ್ಲಿ ಬಳಕೆಯಲ್ಲಿದೆ. ಆದರೆ ಎಳೆಯ ಮಗುವಿನ ಅಚ್ಚನ್ನು ಮೆತ್ತನೆಯ ಮುದ್ದೆಯಲ್ಲಿ ತೆಗೆದು ಜೋಪಾನ ಮಾಡುವ ಹಂಬಲ ಅದಕ್ಕಿಂತ ಬಹಳ ಹಳೆಯದು. ಅದರ ಅತ್ಯಂತ ಮನಕಲಕುವ ಸಾಕ್ಷಿ ಇರುವುದು ಜಪಾನಿನಲ್ಲಿ.

ಸಮಾಧಿಯಲ್ಲಿ ಸಿಕ್ಕ ಪಾದಗಳು

ಜಪಾನಿನ ಉತ್ತರ ತುದಿಯ ದೊಡ್ಡ ದ್ವೀಪ ಹೊಕ್ಕಾಯ್ಡೊ. ಅದರ ದಕ್ಷಿಣ ಭಾಗದ ಹಕೋದಾತೆ ನಗರದ ವ್ಯಾಪ್ತಿಯಲ್ಲಿ, ಸಮುದ್ರದ ಅಂಚಿನಲ್ಲಿ ಕಾಕಿನೋಶಿಮಾ ಎಂಬ ಪ್ರಾಚೀನ ನೆಲೆಯಿದೆ. ಸಾವಿರಾರು ವರ್ಷಗಳ ಹಿಂದೆ ಇಲ್ಲಿ ವಾಸವಾಗಿದ್ದವರನ್ನು ಇತಿಹಾಸಕಾರರು ಜೋಮೊನ್ ಜನ ಎನ್ನುತ್ತಾರೆ. ಬೇಟೆ, ಮೀನುಗಾರಿಕೆ ಮತ್ತು ಕಾಡಿನ ಕಾಯಿಗಳನ್ನು ನಂಬಿ ಬದುಕಿದವರು ಇವರು. ಮಡಕೆ ಮಾಡುವುದರಲ್ಲಿ ಕುಶಲಿಗಳು. ಹಸಿ ಮಡಕೆಯ ಮೇಲೆ ಹುರಿಯನ್ನು ಒತ್ತಿ ಚಿತ್ತಾರ ಮೂಡಿಸುತ್ತಿದ್ದರು. ಜೋಮೊನ್ ಎಂಬ ಹೆಸರಿನ ಅರ್ಥವೇ ಹುರಿಯ ಗುರುತು ಎಂದು.

ಈ ನೆಲೆಯ ಗೋರಿಗಳನ್ನು ಅಗೆದಾಗ ಸುಟ್ಟ ಮಣ್ಣಿನ ಚಿಕ್ಕ ಬಿಲ್ಲೆಗಳು ಸಿಕ್ಕವು. ಒಂದೊಂದರ ಮೇಲೂ ಎಳೆಯ ಮಗುವಿನ ಪಾದದ ಅಚ್ಚು. ಮಣ್ಣು ಹಸಿಯಾಗಿದ್ದಾಗ ಮಗುವಿನ ಕಾಲನ್ನು ಒತ್ತಿ, ಆಮೇಲೆ ಸುಟ್ಟು ಗಟ್ಟಿ ಮಾಡಿದ ಬಿಲ್ಲೆಗಳು ಇವು. ಸುಮಾರು ಆರೂವರೆ ಸಾವಿರ ವರ್ಷಗಳಷ್ಟು ಹಳೆಯವು. ಉತ್ತರ ಜಪಾನಿನ ಬೇರೆ ನೆಲೆಗಳಲ್ಲೂ ಇಂಥ ಬಿಲ್ಲೆಗಳು ದೊರೆತಿವೆ. ಕೆಲವೆಡೆ ಪಾದದ ಬದಲು ಕೈಯ ಅಚ್ಚು ಇದೆ. ಕಾಕಿನೋಶಿಮಾ ಸೇರಿದಂತೆ ಉತ್ತರ ಜಪಾನಿನ ಜೋಮೊನ್ ನೆಲೆಗಳನ್ನು ಯುನೆಸ್ಕೊ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಬಿಲ್ಲೆಗಳಲ್ಲಿ ಎರಡು ಸಂಗತಿಗಳು ಗಮನ ಸೆಳೆಯುತ್ತವೆ. ಮೊದಲನೆಯದು, ಅವುಗಳ ಅಂಚಿನಲ್ಲಿರುವ ತೂತು. ದಾರ ಪೋಣಿಸಿ ಎಲ್ಲೋ ತೂಗುಹಾಕಲು ಮಾಡಿದ ತೂತು ಅದು. ಎರಡನೆಯದು, ಅವು ಸಿಕ್ಕ ಜಾಗ. ಮಗುವಿನ ಪಾದದ ಅಚ್ಚು ಸಿಕ್ಕಿದ್ದು ದೊಡ್ಡವರ ಗೋರಿಗಳಲ್ಲಿ.

ಇವೆರಡನ್ನೂ ಜೋಡಿಸಿದ ವಿದ್ವಾಂಸರು ಒಂದು ವಿವರಣೆ ಕೊಡುತ್ತಾರೆ. ತೀರಿಕೊಂಡ ಮಗುವಿನ ಪಾದವನ್ನು ಹಸಿ ಮಣ್ಣಿಗೆ ಒತ್ತಿ, ಸುಟ್ಟು, ಮನೆಯಲ್ಲಿ ತೂಗುಹಾಕಿರಬೇಕು. ಹಲವು ವರ್ಷಗಳ ನಂತರ ತಾಯಿಯೋ ತಂದೆಯೋ ಸತ್ತಾಗ, ಅದನ್ನು ಇಳಿಸಿ ಅವರ ಜೊತೆಯಲ್ಲಿ ಹೂತಿರಬೇಕು. ಮಗು ಬೆಳೆಯಲೆಂದು ಹಾರೈಸಿ ಮಾಡಿದ ರಕ್ಷೆ ಇದಾಗಿರಬಹುದು ಎಂಬ ಅಭಿಪ್ರಾಯವೂ ಇದೆ. ಜೋಮೊನ್ ಜನರಿಗೆ ಬರಹ ಇರಲಿಲ್ಲ, ಆದ್ದರಿಂದ ಯಾವುದು ಸರಿಯೆಂದು ಹೇಳುವ ಲಿಖಿತ ಸಾಕ್ಷ್ಯ ಇಲ್ಲ. ಯಾವ ವಿವರಣೆಯನ್ನು ಒಪ್ಪಿದರೂ ಒಂದು ಮಾತು ಉಳಿಯುತ್ತದೆ. ಆ ಅಚ್ಚು ಇದ್ದದ್ದು ಮಗುವಿಗಾಗಿ ಅಲ್ಲ, ಮಗುವನ್ನು ಹೆತ್ತವರಿಗಾಗಿ. ಅದು ಕೊನೆಯವರೆಗೆ ಅವರ ಬಳಿಯೇ ಇತ್ತು.

ಬದಲಾಗುವುದು, ಬದಲಾಗದ್ದು

ಕೈಯ ಅಚ್ಚು ಹಿಡಿದಿಡುವುದು ನಿಜಕ್ಕೂ ಏನನ್ನು? ಈ ಪ್ರಶ್ನೆಗೆ ವಿಜ್ಞಾನ ಕೊಡುವ ಉತ್ತರ ಕುತೂಹಲಕರವಾಗಿದೆ.

ಬೆರಳ ತುದಿಯ ಗೆರೆಗಳು ಮೂಡುವುದು ತಾಯಿಯ ಗರ್ಭದಲ್ಲಿ. ಐದನೇ ತಿಂಗಳ ಹೊತ್ತಿಗೆ ಅವುಗಳ ವಿನ್ಯಾಸ ಪೂರ್ತಿಯಾಗುತ್ತದೆ. ಅಲ್ಲಿಂದ ಮುಂದೆ ಮುಪ್ಪಿನವರೆಗೂ ಅದು ಬದಲಾಗುವುದಿಲ್ಲ. ಕಚೇರಿಗಳಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಈ ನಂಬಿಕೆಯ ಮೇಲೆಯೇ. ಇದರ ಚರಿತ್ರೆಯ ಒಂದು ಮುಖ್ಯ ಘಟನೆ ನಡೆದದ್ದು ಭಾರತದಲ್ಲಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಸ್ತೆಯ ಸಾಮಗ್ರಿ ಒದಗಿಸುವ ಗುತ್ತಿಗೆಯೊಂದನ್ನು ರಾಜ್ಯಧರ ಕೊನಾಯ್ ಎಂಬಾತನಿಗೆ ಕೊಟ್ಟ. ಆತ ಮುಂದೆ ಸಹಿಯನ್ನು ತನ್ನದಲ್ಲ ಎನ್ನದಿರಲಿ ಎಂದು ಕರಾರುಪತ್ರದ ಹಿಂದೆ ಅವನ ಇಡೀ ಅಂಗೈಗೆ ಮಸಿ ಹಚ್ಚಿ ಒತ್ತಿಸಿಕೊಂಡ. ಆಮೇಲೆ ಹರ್ಷೆಲ್‌ಗೆ ಇದೇ ಹವ್ಯಾಸವಾಯಿತು. ತನ್ನ ಬೆರಳಚ್ಚುಗಳನ್ನೇ ದಶಕಗಳ ಕಾಲ ಮತ್ತೆ ಮತ್ತೆ ತೆಗೆದು, ಗೆರೆಗಳು ಬದಲಾಗಿಲ್ಲ ಎಂಬುದನ್ನು ತೋರಿಸಿದ. ಜಪಾನಿ ಭಾಷೆಯಲ್ಲೂ ಕೈಯ ಅಚ್ಚಿಗೂ ಕರಾರಿಗೂ ನಂಟಿದೆ. ಅಲ್ಲಿ ಕೈಯಚ್ಚಿಗೆ ‘ತೆಗಾತ’ ಎನ್ನುತ್ತಾರೆ. ಹಿಂದೆ ಕಾಗದಪತ್ರಗಳ ಮೇಲೆ ಕೈ ಒತ್ತುತ್ತಿದ್ದುದರಿಂದ ಅದೇ ಮಾತಿಗೆ ಈಗ ವ್ಯಾಪಾರದ ಹುಂಡಿ ಎಂಬ ಅರ್ಥವೂ ಇದೆ.

ಕಚೇರಿಗೆ ಬೇಕಾದದ್ದು ಬದಲಾಗದ ಗೆರೆ. ತಾಯಿಗೆ ಬೇಕಾದದ್ದು ಅದಲ್ಲ. ಆಗ ತಾನೇ ಹುಟ್ಟಿದ ಮಗುವಿನ ಕೈ ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗೆ ಸುಮಾರು 6 ಸೆಂಟಿಮೀಟರ್ ಇರುತ್ತದೆ. ದೊಡ್ಡವನಾದ ಮೇಲೆ ಅದೇ ಕೈ ಸರಿಸುಮಾರು ಮೂರು ಪಟ್ಟು ಉದ್ದವಾಗುತ್ತದೆ. ಗೆರೆ ಅದೇ, ಕೈ ಬೇರೆ. ಹಿಟ್ಟಿನ ಅಚ್ಚಿನಲ್ಲಿ ಬೆರಳಿನ ಸೂಕ್ಷ್ಮ ಗೆರೆಗಳು ಸರಿಯಾಗಿ ಮೂಡುವುದೂ ಇಲ್ಲ. ಅಲ್ಲಿ ಮೂಡುವುದು ಅಳತೆ, ಬೆರಳ ಗಿಡ್ಡತನ, ಅಂಗೈಯ ಉಬ್ಬು, ಮಣಿಕಟ್ಟಿನ ಮಡಿಕೆ. ಅಂದರೆ ಇನ್ನಾರು ತಿಂಗಳಲ್ಲಿ ಇಲ್ಲವಾಗುವ ಸಂಗತಿಗಳು ಮಾತ್ರ. ಛಾಯಾಚಿತ್ರ ಮುಖವನ್ನು ತೋರಿಸುತ್ತದೆ, ಗಾತ್ರವನ್ನು ಹೇಳುವುದಿಲ್ಲ. ಅಚ್ಚಿನೊಳಗೆ ಬೆರಳಿಟ್ಟು ನೋಡಿದರೆ ಆ ಕೈ ಎಷ್ಟು ಚಿಕ್ಕದಿತ್ತು ಎಂಬುದು ಬೆರಳಿಗೇ ತಿಳಿಯುತ್ತದೆ.

ಬೆಳೆದಂತೆ ಬೆರಳ ಗೆರೆಗಳ ನಡುವಿನ ಅಂತರ ಹಿಗ್ಗುತ್ತದೆ. ಇದನ್ನು ಅಳೆದು ಹಳೆಯ ಮಣ್ಣಿನ ವಸ್ತುಗಳ ಮೇಲಿನ ಬೆರಳಚ್ಚು ಮಗುವಿನದೋ ದೊಡ್ಡವರದೋ ಎಂದು ಪುರಾತತ್ವಜ್ಞರು ಅಂದಾಜು ಮಾಡುತ್ತಾರೆ. ಈಗಿನ ಚೆಕ್ ಗಣರಾಜ್ಯದ ಡೋಲ್ನಿ ವೆಸ್ಟೊನಿಸೆಯಲ್ಲಿ 1925ರಲ್ಲಿ ಸುಟ್ಟ ಮಣ್ಣಿನ ಪುಟ್ಟ ಸ್ತ್ರೀಮೂರ್ತಿಯೊಂದು ಸಿಕ್ಕಿತು. ಅದು 25,000 ವರ್ಷಗಳಿಗಿಂತ ಹಳೆಯದು. ಅದರ ಬೆನ್ನಿನ ಮೇಲೆ 7ರಿಂದ 15ರ ಒಳಗಿನ ವಯಸ್ಸಿನ ಮಗುವೊಂದರ ಬೆರಳಚ್ಚು ಉಳಿದಿದೆ. ಮಣ್ಣು ಇನ್ನೂ ಹಸಿಯಿದ್ದಾಗ ಯಾವುದೋ ಮಗು ಅದನ್ನು ಮುಟ್ಟಿತ್ತು, ಅಷ್ಟೇ. ಫ್ರಾನ್ಸ್‌ನ ಪಿರನೀಸ್ ಬೆಟ್ಟಗಳ ಗಾರ್ಗಾ ಗುಹೆಯಲ್ಲಿ ಸುಮಾರು 27,000 ವರ್ಷ ಹಳೆಯ ಕೈಗುರುತುಗಳಿವೆ. ಕೈಯನ್ನು ಬಂಡೆಗೆ ಒತ್ತಿಹಿಡಿದು ಸುತ್ತ ಬಣ್ಣ ಚಿಮುಕಿಸಿ ಮೂಡಿಸಿದವು ಅವು. ಅಲ್ಲಿ ಒಂದು ತೀರ ಎಳೆಯ ಕೈಯೂ ಇದೆ. ಅದರ ಮಣಿಕಟ್ಟನ್ನು ದೊಡ್ಡವರ ಕೈಯೊಂದು ಹಿಡಿದಿರುವುದು ಚಿತ್ರದಲ್ಲಿ ಕಾಣುತ್ತದೆ. ಮಗು ತಾನಾಗಿ ಕೈ ಚಾಚಿ ನಿಲ್ಲುವ ವಯಸ್ಸಿನದಲ್ಲ, ಯಾರೋ ಎತ್ತಿ ಹಿಡಿದಿದ್ದರು.

ಮಾಡುವುದು, ಕರಗಿಸುವುದು

ಹಾಗಾದರೆ ಕನ್ನಡ ನಾಡಿನ ಮನೆಗಳಲ್ಲಿ ಇಂಥ ರೂಢಿ ಏಕೆ ಬೆಳೆಯಲಿಲ್ಲ? ಹಿಟ್ಟಿನಲ್ಲಿ, ಮಣ್ಣಿನಲ್ಲಿ ರೂಪ ಮೂಡಿಸುವುದು ಇಲ್ಲಿನವರಿಗೆ ಹೊಸದೇನಲ್ಲ. ಊರಹಬ್ಬದಲ್ಲಿ ಹೆಂಗಸರು ತಂಬಿಟ್ಟಿನ ಆರತಿ ಹೊರುತ್ತಾರೆ. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಕ್ಕಳೂ ಕೂತು ಕಪ್ಪು ಮಣ್ಣಿನಲ್ಲಿ ಜೋಡೆತ್ತು ಮಾಡುತ್ತಾರೆ. ಗೋಕುಲಾಷ್ಟಮಿಯಂದು ಅನೇಕ ಮನೆಗಳಲ್ಲಿ ಹೊಸಿಲಿನಿಂದ ದೇವರ ಕೋಣೆಯವರೆಗೆ ಬಾಲಕೃಷ್ಣನ ಪುಟ್ಟ ಹೆಜ್ಜೆಗಳು ಮೂಡುತ್ತವೆ.

ಈ ಹೆಜ್ಜೆ ಮೂಡಿಸುವ ಬಗೆ ಸೊಗಸಾದದ್ದು. ನೀರಿನಲ್ಲಿ ಕದಡಿದ ಅಕ್ಕಿಹಿಟ್ಟಿಗೆ ಮುಷ್ಟಿಯ ಪಕ್ಕವನ್ನು ಅದ್ದಿ ನೆಲಕ್ಕೊತ್ತಿದರೆ ಮಗುವಿನ ಅಂಗಾಲಿನ ಆಕಾರ ಬರುತ್ತದೆ. ಅದರ ಮೇಲ್ಗಡೆ ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಕಾಲ್ಬೆರಳು. ಎಡ ಮುಷ್ಟಿ ಎಡಗಾಲು, ಬಲ ಮುಷ್ಟಿ ಬಲಗಾಲು. ದೊಡ್ಡವರ ಕೈಯ ಅಚ್ಚೇ ಕಂದನ ಕಾಲಿನ ಅಚ್ಚಾಗುವುದು ಇಲ್ಲಿನ ವಿಶೇಷ.

ಆದರೆ ಈ ಎಲ್ಲ ಆಚರಣೆಗಳಲ್ಲಿ ಒಂದು ಸಾಮಾನ್ಯ ಅಂಶವಿದೆ. ತಂಬಿಟ್ಟು ಪ್ರಸಾದವಾಗಿ ಹಂಚಿಹೋಗುತ್ತದೆ. ಮಣ್ಣಿನ ಎತ್ತು ಪೂಜೆ ಮುಗಿದ ಮೇಲೆ ಮಣ್ಣಿಗೇ ಮರಳುತ್ತದೆ. ಕೃಷ್ಣನ ಹೆಜ್ಜೆ ಮರುದಿನ ನೆಲ ಸಾರಿಸುವಾಗ ಅಳಿಸುತ್ತದೆ. ಮುಂದಿನ ವರ್ಷ ಮತ್ತೆ ಹೊಸದು. ಇಲ್ಲಿ ನೆನಪು ಉಳಿಯುವುದು ವಸ್ತುವಿನಲ್ಲಲ್ಲ, ಮತ್ತೆ ಮತ್ತೆ ಮಾಡುವುದರಲ್ಲಿ. ಅದಕ್ಕೇ ಕೃಷ್ಣನ ಹೆಜ್ಜೆ ಎಂದೂ ಬೆಳೆಯುವುದಿಲ್ಲ. ಮನೆಯ ಮಗುವಿನದು ಬೆಳೆಯುತ್ತದೆ.

ಶಾಶ್ವತವಾಗಿ ಉಳಿಯಬೇಕಾದವರಿಗೆ ಈ ನಾಡು ಕಲ್ಲು ನೆಟ್ಟಿತು. ಹೋರಾಡಿ ಮಡಿದವನಿಗೆ ವೀರಗಲ್ಲು. ಸಹಗಮನ ಮಾಡಿದವಳಿಗೆ ಮಾಸ್ತಿಕಲ್ಲು. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಚಾಚಿದ, ಬಳೆ ತೊಟ್ಟ ಒಂದು ತೋಳು ಆ ಹೆಂಗಸಿಗೆ ಬದಲಾಗಿ ನಿಲ್ಲುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ ‘ಕಾಳಿ’ ಎಂಬ ನಾಯಿಗೂ ಹತ್ತನೇ ಶತಮಾನದಲ್ಲಿ ಕಲ್ಲು ನೆಡಲಾಯಿತು. ಆದರೆ ಎಳವೆಯಲ್ಲೇ ಹೋದ ಮಗುವಿಗೆಂದು ನೆಟ್ಟ ಕಲ್ಲು ಕಾಣುವುದು ಅಪರೂಪ. ಹೆಣ ಸುಡುವ ಪದ್ಧತಿಯ ಸಮುದಾಯಗಳಲ್ಲೂ ಶಿಶುಗಳನ್ನು ಸುಡದೆ ಹೂಳುತ್ತಿದ್ದರು. ದೊಡ್ಡವರಿಗೆ ಮಾಡುವಂಥ ವರ್ಷವರ್ಷದ ಶ್ರಾದ್ಧ ಅವಕ್ಕೆ ಇರಲಿಲ್ಲ. ಹೆಸರಿಡುವ ಮುಂಚೆ ಹೋದ ಮಗುವಿನ ಮಾತನ್ನು ಮನೆಯಲ್ಲಿ ಎತ್ತುತ್ತಲೂ ಇರಲಿಲ್ಲ.

ಇದು ಕಲ್ಲೆದೆಯಿಂದಲ್ಲ, ಅಂಜಿಕೆಯಿಂದ. ಭಾರತದಲ್ಲಿ 1990ರ ಸುಮಾರಿಗೂ ಹುಟ್ಟಿದ ಪ್ರತಿ 1,000 ಶಿಶುಗಳಲ್ಲಿ 80 ಶಿಶುಗಳು ಮೊದಲ ವರ್ಷ ತುಂಬುವ ಮುನ್ನವೇ ಸಾಯುತ್ತಿದ್ದವು. ಅದಕ್ಕೆ ಹಿಂದಿನ ತಲೆಮಾರುಗಳಲ್ಲಿ ಸಾವು ಇನ್ನೂ ಹೆಚ್ಚು. ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟದ್ದು, ಎಳೆಗೂಸಿನ ಫೋಟೊ ಬೇಡವೆಂದದ್ದು, ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಬೇಡಿ ಎಂದು ಅಜ್ಜಿಯರು ಗದರಿದ್ದು ಇವೆಲ್ಲ ಆ ಲೆಕ್ಕ ಬಲ್ಲ ಜನರ ಎಚ್ಚರಿಕೆ. ಉಳಿಯುತ್ತದೋ ಇಲ್ಲವೋ ತಿಳಿಯದ ಮಗುವಿನ ಗುರುತನ್ನು ತೆಗೆದಿಡುವುದಕ್ಕೆ ಕೈ ನಡುಗುತ್ತಿತ್ತು. 2020ರ ಹೊತ್ತಿಗೆ ಅದೇ ಪ್ರಮಾಣ 28ಕ್ಕೆ ಇಳಿದಿತ್ತು. ಈಗಿನ ತಾಯಿ ನಿರ್ಭಯವಾಗಿ ಮಗುವಿನ ಕೈಯನ್ನು ಹಿಟ್ಟಿಗೆ ಒತ್ತುತ್ತಾಳೆ ಎಂದರೆ ಅದರ ಹಿಂದೆ ಲಸಿಕೆ, ಹೆರಿಗೆ ಆಸ್ಪತ್ರೆ, ಕುದಿಸಿ ಆರಿಸಿದ ನೀರು ಎಲ್ಲವೂ ಇವೆ.

ಹಿಟ್ಟಿನ ಪಾಕ

ಇನ್ನು ಮಾಡುವ ಬಗೆ. ಎರಡು ಲೋಟ ಮೈದಾ, ಒಂದು ಲೋಟ ಪುಡಿಯುಪ್ಪು, ಹೆಚ್ಚೆಂದರೆ ಒಂದು ಲೋಟ ನೀರು. ಇಷ್ಟೇ ಸಾಮಗ್ರಿ. ಪ್ರತಿಯೊಂದಕ್ಕೂ ಒಂದು ಕಾರಣವಿದೆ.

ಮೈದಾದಲ್ಲಿ ಗ್ಲುಟೆನ್ ಎಂಬ ಅಂಟಿನ ಅಂಶವಿದೆ. ನೀರು ಹಾಕಿ ನಾದಿದಾಗ ಅದು ಬಲೆಯಂತೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಅಕ್ಕಿ, ರಾಗಿ ಹಿಟ್ಟುಗಳಲ್ಲಿ ಇದು ಇಲ್ಲ, ಹಾಗಾಗಿ ಒಣಗಿದಾಗ ಬಿರುಕು ಬಿಡುತ್ತವೆ. ಉಪ್ಪಿನ ಕೆಲಸ ಬೇರೆ. ಉಪ್ಪಿನಕಾಯಿಯಲ್ಲಿ ಮಾಡುವಂತೆ ಇಲ್ಲೂ ಅದು ನೀರನ್ನು ತನ್ನತ್ತ ಎಳೆದುಕೊಂಡು ಬೂಸ್ಟು ಬೆಳೆಯದಂತೆ ತಡೆಯುತ್ತದೆ. ಹರಳುಪ್ಪು ಬೇಡ. ಅದರ ಹರಳುಗಳು ಅಚ್ಚಿನ ಮೇಲೆ ಕುಳಿ ಮಾಡುತ್ತವೆ, ಮಗುವಿನ ಕೈಗೂ ಒತ್ತುತ್ತವೆ. ಪುಡಿಯುಪ್ಪನ್ನೂ ಜರಡಿ ಹಿಡಿಯುವುದು ಒಳ್ಳೆಯದು.

ನೀರನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಹತ್ತು ನಿಮಿಷ ನಾದಬೇಕು. ಕೈಗೆ ಅಂಟಿದರೆ ಇನ್ನಷ್ಟು ಮೈದಾ, ಬಿರಿದರೆ ಕೈ ಒದ್ದೆ ಮಾಡಿಕೊಂಡು ಮತ್ತೆ ನಾದುವುದು. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ಹಿಟ್ಟು ಹದಕ್ಕೆ ಬರುತ್ತದೆ. ನಂತರ ಲಟ್ಟಣಿಗೆಯಿಂದ ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ ಒತ್ತಬೇಕು. ತೆಳುವಾದರೆ ಮುರಿಯುತ್ತದೆ, ದಪ್ಪವಾದರೆ ಒಳಗೆ ಒಣಗುವುದಿಲ್ಲ. ಗುಂಡಗೆ ಕತ್ತರಿಸಲು ಬಟ್ಟಲೊಂದನ್ನು ಬೋರಲು ಹಾಕಿದರೆ ಸಾಕು.

ಕಷ್ಟ ಇರುವುದು ಒತ್ತುವುದರಲ್ಲಿ. ಎಳೆಗೂಸಿನ ಅಂಗೈಗೆ ಏನೇ ತಾಗಿದರೂ ಅದು ತಟ್ಟನೆ ಮುಷ್ಟಿ ಕಟ್ಟುತ್ತದೆ. ಇದು ಹಟವಲ್ಲ, ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಐದಾರು ತಿಂಗಳಲ್ಲಿ ಅದು ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಕೈಗಿಂತ ಕಾಲಿನ ಅಚ್ಚು ಸುಲಭ. ಕೈಯೇ ಬೇಕೆಂದರೆ ಮಗು ಗಾಢ ನಿದ್ರೆಯಲ್ಲಿದ್ದಾಗ ಹಿಟ್ಟನ್ನೇ ಕೈಯ ಬಳಿ ಒಯ್ದು, ಮೊದಲು ಅಂಗೈಯನ್ನೂ ಆಮೇಲೆ ಒಂದೊಂದೇ ಬೆರಳನ್ನೂ ಮೆಲ್ಲಗೆ ಅದುಮಬೇಕು. ಎರಡು ಮೂರು ವರ್ಷದ ಮಗುವಾದರೆ ಹಿಟ್ಟು ನಾದುವ ಕೆಲಸದಲ್ಲೇ ಜೊತೆಗೂಡಿಸಿಕೊಳ್ಳಬಹುದು. ಆಗ ಅದು ತನ್ನ ಅಚ್ಚನ್ನು ತಾನೇ ಒತ್ತುತ್ತದೆ. ಸರಿಯಾಗದಿದ್ದರೆ ಹಿಟ್ಟನ್ನು ಮುದ್ದೆ ಮಾಡಿ ಮತ್ತೆ ಲಟ್ಟಿಸಿದರಾಯಿತು. ಮಣ್ಣು, ಹಿಟ್ಟುಗಳು ಎರಡನೇ ಅವಕಾಶ ಕೊಡುತ್ತವೆ.

ತೂಗುಹಾಕುವ ತೂತನ್ನು ಹಸಿಯಿದ್ದಾಗಲೇ ಮಾಡಬೇಕು. ತಂಪುಪಾನೀಯದ ಕೊಳವೆಯಿಂದ ಚುಚ್ಚಿದರೆ ಅಂಚು ನುಣುಪಾಗಿ ಬರುತ್ತದೆ. ಒಲೆ, ಅಂದರೆ ಓವನ್ ಇರುವವರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆಯಷ್ಟು ಇಟ್ಟು ಒಣಗಿಸಬಹುದು. ಇಲ್ಲದವರಿಗೆ ಬಿಸಿಲೇ ಗತಿ. ಆದರೆ ಒಮ್ಮೆಗೇ ಸುಡುಬಿಸಿಲಿಗೆ ಇಡಬಾರದು. ಮೇಲ್ಮೈ ಬೇಗ ಒಣಗಿ ಒಳಗೆ ಹಸಿ ಉಳಿದರೆ ಬಿಲ್ಲೆ ಸೊಟ್ಟಗಾಗಿ ಸೀಳುತ್ತದೆ. ಮೊದಲ ದಿನ ನೆರಳು, ಆಮೇಲೆ ಮೂರು ನಾಲ್ಕು ದಿನ ಬಿಸಿಲು, ಮಧ್ಯೆ ಮಧ್ಯೆ ಮಗುಚಿ ಹಾಕುವುದು. ಹಪ್ಪಳ ಸಂಡಿಗೆ ಮಾಡಿ ಗೊತ್ತಿರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಣಗಿದಾಗ ಬಿಲ್ಲೆ ಸ್ವಲ್ಪ ಕುಗ್ಗುತ್ತದೆ ಎಂಬುದು ನೆನಪಿರಲಿ.

ಕರಾವಳಿ ಮತ್ತು ಮಲೆನಾಡಿನವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಲೇಸು. ಗಾಳಿಯಲ್ಲಿ ತೇವಾಂಶ ಶೇಕಡ 75 ದಾಟಿದರೆ ಉಪ್ಪು ನೀರೂರತೊಡಗುತ್ತದೆ. ಆಷಾಢದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದೂ ಇದೇ ಕಾರಣಕ್ಕೆ. ಒಣಗಿದ ಬಿಲ್ಲೆಯೂ ಹಾಗೆಯೇ ಬೆವರಿ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಮಾಡಿ, ಪೂರ್ತಿ ಒಣಗಿದ ಮೇಲೆ ಹಿಂದೆ, ಮುಂದೆ, ಅಂಚು, ತೂತಿನ ಒಳಗೆ ಎಲ್ಲ ಕಡೆ ಎರಡು ಸಲ ವಾರ್ನಿಷ್ ಬಳಿದರೆ ಮಳೆಗಾಲವನ್ನು ದಾಟುತ್ತದೆ. ಒಳಗೆ ಹಸಿ ಇರುವಾಗಲೇ ವಾರ್ನಿಷ್ ಬಳಿದರೆ ಆ ನೀರು ಹೊರಬರಲಾರದೆ ಬಿಲ್ಲೆ ಕೆಡುತ್ತದೆ.

ಎಚ್ಚರಿಕೆಯ ಮಾತು

ಮನೆಯ ಹಿಟ್ಟು ಎಂದಮಾತ್ರಕ್ಕೆ ಅದು ತಿನ್ನುವ ಹಿಟ್ಟಲ್ಲ. ಈ ಮುದ್ದೆಯ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಉಪ್ಪೇ ಇರುತ್ತದೆ. ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಂಬೆಹಣ್ಣಿನ ಗಾತ್ರದ ಒಂದು ಉಂಡೆಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಉಪ್ಪು ಇರುತ್ತದೆ. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಗುವಿಗೆ ಇದು ಅಪಾಯ. ಮನೆಯ ನಾಯಿಗೂ ಅಪಾಯವೇ. ಕೈಯಲ್ಲಿ ಗಾಯ, ಗೀರು ಇದ್ದರೆ ಉರಿಯುತ್ತದೆ, ಆ ದಿನ ಬೇಡ. ಕೆಲಸ ಮುಗಿದೊಡನೆ ಮಗುವಿನ ಕೈ ತೊಳೆಯಬೇಕು.

ಹಿಟ್ಟಿನ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸಿದರೆ ಇನ್ನೂ ಚೆನ್ನ ಎಂದುಕೊಳ್ಳುವವರಿದ್ದಾರೆ. ಅದು ನೀರಿನೊಂದಿಗೆ ಸೇರಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ದಪ್ಪನೆಯ ಮುದ್ದೆಯಲ್ಲಿ ಆ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಇಂಗ್ಲೆಂಡಿನ ಶಾಲೆಯೊಂದರಲ್ಲಿ 2007ರಲ್ಲಿ ಹದಿನಾರರ ಹುಡುಗಿಯೊಬ್ಬಳು ತನ್ನ ಕೈಗಳ ಶಿಲ್ಪ ಮಾಡಲೆಂದು ಎರಡೂ ಕೈಗಳನ್ನು ಪ್ಲಾಸ್ಟರ್‌ನಲ್ಲಿ ಅದ್ದಿ ಹಿಡಿದಳು. ಅದು ಗಟ್ಟಿಯಾಗಿ, ಕೈ ತೆಗೆಯಲಾಗದೆ ಸುಟ್ಟು, ಬಹುಪಾಲು ಬೆರಳುಗಳನ್ನೇ ಕಳೆದುಕೊಂಡಳು. ಮಗುವಿನ ಕೈಯನ್ನು ಹಸಿ ಪ್ಲಾಸ್ಟರ್‌ಗೆ ಒತ್ತಲೇಬಾರದು. ಹಿಟ್ಟು ಬಿಸಿಯಾಗುವುದಿಲ್ಲ, ಕೈಯನ್ನು ಹಿಡಿದುಕೊಳ್ಳುವುದೂ ಇಲ್ಲ.

ಯಾರಿಗಾಗಿ?

ಜೋಮೊನ್ ತಾಯಂದಿರ ಬಿಲ್ಲೆಗಳಿಗೆ ಹತ್ತಿರವಾದದ್ದು ಇಂದು ನಡೆಯುತ್ತಿರುವುದು ಹಬ್ಬದ ಮನೆಯಲ್ಲಲ್ಲ, ಆಸ್ಪತ್ರೆಯಲ್ಲಿ. ಬ್ರಿಟನ್ನಿನಲ್ಲಿ 1970ರ ದಶಕದವರೆಗೂ ಮಗು ಹೊಟ್ಟೆಯಲ್ಲೇ ಸತ್ತು ಹುಟ್ಟಿದರೆ ತಾಯಿಗೆ ತೋರಿಸದೆ ಒಯ್ಯುವುದು ಸಾಮಾನ್ಯವಾಗಿತ್ತು. ನೋಡಿದರೆ ದುಃಖ ಹೆಚ್ಚುತ್ತದೆ, ನೋಡದಿದ್ದರೆ ಬೇಗ ಮರೆಯುತ್ತಾಳೆ ಎಂಬುದು ಆಗಿನ ತಿಳಿವಳಿಕೆ. ತಾಯಂದಿರು ಮರೆಯಲಿಲ್ಲ. ಇಂಥ ತಂದೆತಾಯಿಗಳಿಗಾಗಿ ‘ಸ್ಯಾಂಡ್ಸ್’ ಎಂಬ ಸಂಸ್ಥೆ 1978ರಲ್ಲಿ ಅಲ್ಲಿ ಹುಟ್ಟಿತು. ಕ್ರಮೇಣ ಆಸ್ಪತ್ರೆಗಳ ಪದ್ಧತಿ ಬದಲಾಯಿತು. ಈಗ ದಾದಿಯರು ತಂದೆತಾಯಿಯ ಒಪ್ಪಿಗೆ ಪಡೆದು ಮಗುವಿನ ಕೈ, ಕಾಲಿನ ಅಚ್ಚು ತೆಗೆದು ಚಿಕ್ಕ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಾರೆ. ತನಗೊಂದು ಮಗು ಹುಟ್ಟಿತ್ತು ಎಂಬುದಕ್ಕೆ ಆ ತಾಯಿಯ ಬಳಿ ಇರುವ ಸಾಕ್ಷಿ ಕೆಲವೊಮ್ಮೆ ಅದೊಂದೇ.

ಆರೋಗ್ಯವಾಗಿ ಬೆಳೆಯುವ ಮಗುವಿನ ಅಚ್ಚು ಇದಕ್ಕೆ ತೀರ ದೂರದ್ದೇನಲ್ಲ. ಐದು ವರ್ಷದ ಮಗಳು ಕಣ್ಣೆದುರಿಗೇ ಇದ್ದರೂ ಆರು ತಿಂಗಳ ಕೂಸು ಈಗ ಇಲ್ಲ. ಮಗಳಿಗೆ ಆ ಕೂಸಿನ ನೆನಪಿಲ್ಲ. ಹಿಟ್ಟಿನ ಬಿಲ್ಲೆಯನ್ನು ತೋರಿಸಿದರೆ ಅವಳು ಒಂದು ಗಳಿಗೆ ತನ್ನ ಕೈಯನ್ನು ಅದರ ಮೇಲಿಟ್ಟು ನಕ್ಕು ಆಟಕ್ಕೆ ಓಡುತ್ತಾಳೆ. ಅದನ್ನು ಒರೆಸಿ ಮತ್ತೆ ಮೊಳೆಗೆ ಸಿಕ್ಕಿಸುವವರು ತಾಯಿ ಅಥವಾ ಅಜ್ಜಿ.

ಆದ್ದರಿಂದ ಅಚ್ಚು ಅಂದವಾಗಿರಲೇಬೇಕೆಂಬ ಹಟ ಬೇಡ. ಬಿಲ್ಲೆಯ ಹಿಂಬದಿಗೆ ಹಸಿಯಿದ್ದಾಗಲೇ ಕಡ್ಡಿಯಿಂದ ಹೆಸರು, ತಾರೀಖು, ಮಗುವಿನ ವಯಸ್ಸು ಕೊರೆದಿಡಬೇಕು. ಎರಡನೇ ಮಗು ಹುಟ್ಟಿದ ಮೇಲೆ ಯಾವುದು ಯಾರದೆಂದು ತಿಳಿಯದೆ ಪೇಚಾಡುವುದು ತಪ್ಪುತ್ತದೆ. ಎಳೆಯ ಬೆರಳುಗಳನ್ನು ಅದುಮುವಾಗ ಪಕ್ಕದಲ್ಲಿ ದೊಡ್ಡವರ ಹೆಬ್ಬೆರಳಿನ ತಗ್ಗು, ಉಗುರಿನ ಗೀರು ಬೀಳುವುದುಂಟು. ಅನೇಕರು ಅದನ್ನು ದೋಷವೆಂದು ನೀರು ಹಚ್ಚಿ ನುಣುಪು ಮಾಡುತ್ತಾರೆ. ಹಾಗೆ ಮಾಡಬೇಕಾಗಿಲ್ಲ. ಗಾರ್ಗಾ ಗುಹೆಯ ಗೋಡೆಯಲ್ಲೂ ಕೂಸಿನ ಕೈಯನ್ನು ಹಿಡಿದವರ ಕೈ ಹಾಗೆಯೇ ಉಳಿದಿದೆ.